ಸೊಪ್ಪು ಯಾವುದು, ಹೂವು ಯಾವುದು?

ಹತ್ತನೇ ತರಗತಿಗೆ ಹೂವಿನ ಭಾಗಗಳ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಗಾಂಜಾ ಅನ್ನೋದೂ ಹೂವೇ ಅಂತೆ, ಹೌದಾ?" ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಹೌದು ಎಂದೆ. ಕೂಡಲೇ ಪಕ್ಕದ ಹುಡುಗಿಯ ಪ್ರಶ್ನೆ ಬಂತು: "ಹಾಗಾದ್ರೆ ಅದನ್ನ ಇಟ್ಕೊಂಡು ಸಿಕ್ಕಿಬಿದ್ದವರ ಪರ ವಕೀಲರು ಯಾಕೆ ವಾದ ಮಾಡ್ತಾರೆ ಸಾರ್?"

ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಎರಡನೆಯದನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಂದಿಟ್ಟೆ. ಆತ ಈಗ ಮಧುಗಿರಿಯಲ್ಲಿ ವಕೀಲ. ಭಾನುವಾರ ಊರಿಗೆ ಬಂದವನು ಚನ್ನರಾಯನದುರ್ಗದ ಬೆಟ್ಟ ನೋಡುತ್ತಾ ನಮ್ಮ ಜಗಲಿಯ ಮೇಲೆ ಕುಳಿತಿದ್ದ. "ಸಾರ್, ಲ್ಯಾಬಿನಲ್ಲಿ ನೀವು ನಮ್ಮನ್ನು ಕೇಳುತ್ತಿದ್ದ ಮೂರು ಪ್ರಶ್ನೆಗಳನ್ನೇ ನಾನು ಕೋರ್ಟಿನಲ್ಲಿ ಕೇಳೋದು. ಇದೇನು? ಎಷ್ಟಿದೆ? ನಿನಗೆ ಹೇಗೆ ಗೊತ್ತಾಯಿತು?" ಎಂದ.

ಮೊದಲು "ಇದೇನು?" ಎಂಬುದನ್ನು ನೋಡೋಣ. ನಮ್ಮ ಹಿರಿಯರು ಭಂಗಿ ಗಿಡ ಎನ್ನುತ್ತಿದ್ದುದು ಒಂದೇ ಗಿಡ. ಆದರೆ 1985ರ ಮಾದಕ ವಸ್ತುಗಳ ಕಾಯಿದೆ, ಅಂದರೆ ಎನ್‌ಡಿಪಿಎಸ್ ಕಾಯಿದೆ, ಅದನ್ನು ಬಿಡಿಸಿ ನೋಡುತ್ತದೆ. ಗಿಡದಿಂದ ತೆಗೆದ ಅಂಟು ಚರಸ್. ಹೂವು ಅಥವಾ ಕಾಯಿ ಬಿಟ್ಟ ತುದಿಗಳು ಗಾಂಜಾ. ತುದಿಯೊಂದಿಗೆ ಸೇರಿರದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಕಾಯಿದೆ ಹೀಗೆ ಭೇದ ಮಾಡಲು ಸಸ್ಯಶಾಸ್ತ್ರದ ಕಾರಣವಿದೆ. ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕ ಹೆಣ್ಣು ಹೂವಿನ ಸುತ್ತಲಿನ ಸಣ್ಣ ಅಂಟುರೋಮಗಳಲ್ಲಿ ಹೆಚ್ಚಾಗಿ ತುಂಬಿರುತ್ತದೆ. ಎಲೆಯಲ್ಲಿ ಅದು ಕಡಿಮೆ.

ಇನ್ನು "ಎಷ್ಟಿದೆ?" ಎಂಬ ಪ್ರಶ್ನೆ. ಗಾಂಜಾ ಒಂದು ಕಿಲೋಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ. ಶಿಕ್ಷೆ ಗರಿಷ್ಠ ಒಂದು ವರ್ಷ. 20 ಕಿಲೋಗಿಂತ ಹೆಚ್ಚಿದ್ದರೆ ವಾಣಿಜ್ಯ ಪ್ರಮಾಣ; ಶಿಕ್ಷೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು. ಜಾಮೀನು ಸಿಗುವುದೂ ಬಲು ಕಷ್ಟ. ಈಗ ಯೋಚಿಸಿ. ಗಿಡವನ್ನು ಬೇರು, ಕಾಂಡ, ಎಲೆ ಸಮೇತ ತಕ್ಕಡಿಗೆ ಹಾಕಿದರೆ ಬರುವ ತೂಕವೇ ಬೇರೆ, ಹೂವಿನ ತುದಿಯ ತೂಕವೇ ಬೇರೆ. ಪಾವಗಡದ ರೈತ ಕಡಲೆಕಾಯಿಯನ್ನು ಬಳ್ಳಿ, ಮಣ್ಣು ಸಮೇತ ತೂಗಿ ತಂದರೆ ಮಂಡಿಯವರು ಒಪ್ಪುತ್ತಾರೆಯೇ? ಅಲ್ಲಿ ಹೋಗುವುದು ನಾಲ್ಕು ಕಾಸು. ಇಲ್ಲಿ ಹೋಗುವುದು ಮನುಷ್ಯನ ಹತ್ತು ವರ್ಷ.

ಮೂರನೆಯದು "ಹೇಗೆ ಗೊತ್ತಾಯಿತು?" ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ತಪಾಸಣೆ ಮಾಡಿಸಿಕೊಳ್ಳುವ ಹಕ್ಕಿದೆ ಎಂದು ಆ ವ್ಯಕ್ತಿಗೆ ತಿಳಿಸಿದರೇ? ವಶಪಡಿಸಿಕೊಂಡ ವಸ್ತುವಿಗೆ ಮೊಹರು ಹಾಕಿದರೇ? ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ತೆಗೆಯಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯೂ ಬರಬೇಕು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಗಾದೆ ಹೇಳುವುದೂ ಇದನ್ನೇ ತಾನೆ?

ಈ ಪ್ರಶ್ನೆಗಳ ಬೆಲೆ 2022ರಲ್ಲಿ ನಮ್ಮ ಹೈಕೋರ್ಟಿನಲ್ಲೇ ಕಂಡಿತು. ಬೆಂಗಳೂರಿನ ಬೇಗೂರು ಪೊಲೀಸರು ಒಬ್ಬನಿಂದ 29 ಕಿಲೋ ಭಂಗಿ, 400 ಗ್ರಾಂ ಗಾಂಜಾ ವಶಪಡಿಸಿಕೊಂಡಿದ್ದರು. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ವಾಣಿಜ್ಯ ಪ್ರಮಾಣ. ಭಂಗಿ ಈ ಕಾಯಿದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಆತನ ವಕೀಲರು ವಾದಿಸಿದರು. ಆ ಭಂಗಿ ಚರಸ್ ಅಥವಾ ಗಾಂಜಾದಿಂದ ತಯಾರಾದದ್ದೆಂದು ತೋರಿಸುವ ಪ್ರಯೋಗಾಲಯದ ವರದಿ ನ್ಯಾಯಾಲಯದ ಮುಂದಿರಲಿಲ್ಲ. ಉಳಿದದ್ದು 400 ಗ್ರಾಂ. ನ್ಯಾಯಮೂರ್ತಿ ಕೆ. ನಟರಾಜನ್ ಅವರು ಜಾಮೀನು ನೀಡಿದರು. ಜಾಮೀನೆಂದರೆ ಖುಲಾಸೆಯಲ್ಲ, ನಿಜ. ಭಂಗಿಗೆ ಪೂರ್ಣ ರಹದಾರಿ ಸಿಕ್ಕಿತೆಂದೂ ಅಲ್ಲ. ಅದು ರಾಜ್ಯದ ಅಬಕಾರಿ ಕಾನೂನಿನ ಹಿಡಿತದಲ್ಲಿದೆ.

"ಇದು ಔಷಧವೂ ಹೌದಲ್ಲ, ನೋವಿಗೆ ಸೇದಿದರೆ ತಪ್ಪೇನು?" ಎಂದು ಕೇಳುವವರೂ ಇದ್ದಾರೆ. ಔಷಧದ ಮಾತು ಸುಳ್ಳಲ್ಲ. 1839ರಲ್ಲೇ ಕಲ್ಕತ್ತೆಯಲ್ಲಿ ಓಷಾಘ್ನೆಸ್ಸಿ ಎಂಬ ವೈದ್ಯರು ಧನುರ್ವಾಯು, ಸಂಧಿವಾತಗಳಿಗೆ ಇದನ್ನು ಕೊಟ್ಟು ನೋಡಿ ವರದಿ ಬರೆದರು. ಇದೇ ಗಿಡದ ಸಿಬಿಡಿ ಎಂಬ ಅಂಶದಿಂದ ತಯಾರಾದ ಔಷಧಿಗೆ, ಮಕ್ಕಳಲ್ಲಿ ಕಾಣಿಸಿಕೊಳ್ಳುವ ಎರಡು ಬಗೆಯ ತೀವ್ರ ಮೂರ್ಛೆರೋಗಕ್ಕಾಗಿ, ಅಮೆರಿಕ 2018ರಲ್ಲಿ ಒಪ್ಪಿಗೆ ನೀಡಿತು. ಸಿಬಿಡಿ ಅಮಲು ತರುವುದಿಲ್ಲ. ನಮ್ಮ ಕಾಯಿದೆಯೂ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಬಾಗಿಲು ತೆರೆದಿಟ್ಟಿದೆ. ಆದರೆ ಅದು ಪರವಾನಗಿಯ ಬಾಗಿಲು. ಪರವಾನಗಿ ಪಡೆದ ತಯಾರಕರ ಔಷಧಿಯನ್ನು ವೈದ್ಯರ ಚೀಟಿಯ ಮೇಲೆ ತೆಗೆದುಕೊಳ್ಳುವುದು ಬೇರೆ, ಬೀದಿಯ ಪೊಟ್ಟಣ ಬೇರೆ. ಪೊಟ್ಟಣದಲ್ಲಿ ಏನಿದೆ, ಎಷ್ಟಿದೆ ಎಂಬುದು ಮಾರುವವನಿಗೇ ತಿಳಿದಿರುವುದಿಲ್ಲ.

ಪೋಷಕರಿಗೆ ಎರಡು ಮಾತು. ಹದಿಹರೆಯದ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಪದೇ ಪದೇ ಗಾಂಜಾ ಸೇದಿದರೆ ನೆನಪು, ಗಮನ ಎರಡಕ್ಕೂ ಪೆಟ್ಟು. ಮಗ ಈ ಚಟಕ್ಕೆ ಬಿದ್ದಿದ್ದರೆ ಮುಚ್ಚಿಡಬೇಡಿ, ಹೊಡೆಯಲೂ ಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣವಾಗಿದ್ದರೆ, ಮೊಕದ್ದಮೆಯಿಂದ ರಕ್ಷಣೆ ನೀಡುವ 64ಎ ಎಂಬ ಕಲಮು ಕಾಯಿದೆಯಲ್ಲೇ ಇದೆ.

ಮಕ್ಕಳೇ, ನಿಮಗೂ ಒಂದು ಮಾತು. ಬಸ್ಸಿನಲ್ಲಿ ಅಪರಿಚಿತರು "ಇದೊಂದು ಚೀಲ ಬೆಂಗಳೂರಿನಲ್ಲಿ ಕೊಟ್ಟುಬಿಡಪ್ಪಾ" ಎಂದರೆ ಕೈ ಒಡ್ಡಬೇಡಿ. ಸಾಮಾನ್ಯವಾಗಿ ತಪ್ಪನ್ನು ಸಾಬೀತು ಮಾಡಬೇಕಾದದ್ದು ಸರ್ಕಾರ. ಈ ಕಾಯಿದೆಯಲ್ಲಿ ಮಾತ್ರ, ವಸ್ತು ನಿಮ್ಮ ವಶದಲ್ಲಿತ್ತೆಂದು ರುಜುವಾತಾದರೆ, "ನನಗೆ ಗೊತ್ತಿರಲಿಲ್ಲ" ಎಂಬುದನ್ನು ನೀವೇ ಸಾಬೀತು ಮಾಡಬೇಕು.

ಹೊರಡುವಾಗ ನನ್ನ ಶಿಷ್ಯನನ್ನು ಕೇಳಿದೆ: "ನಿಜವಾಗಿ ತಪ್ಪು ಮಾಡಿದವನೂ ನಿನ್ನ ಪ್ರಶ್ನೆಗಳಿಂದ ತಪ್ಪಿಸಿಕೊಂಡರೆ ಏನು ಮಾಡ್ತೀಯಪ್ಪಾ?" ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ರಾತ್ರಿ ನಿದ್ದೆ ಬರಲ್ಲ ಸಾರ್. ಆದ್ರೆ ನಾನು ಕೇಳದೆ ಬಿಟ್ಟ ಪ್ರಶ್ನೆಯಿಂದ ಚೀಲ ಹೊತ್ತ ಹುಡುಗ ಹತ್ತು ವರ್ಷ ಒಳಗೆ ಹೋದ್ರೆ, ಆಮೇಲೆ ಯಾವತ್ತೂ ನಿದ್ದೆ ಬರಲ್ಲ."

ಸೋಮವಾರ ಆ ಹುಡುಗಿಗೆ ಇದನ್ನೇ ಹೇಳಿದೆ. ಬಳಿಕ ಕರಿಹಲಗೆಯ ಮೇಲೆ ಅರ್ಧಕ್ಕೆ ನಿಂತಿದ್ದ ಹೂವಿನ ಚಿತ್ರವನ್ನು ಪೂರ್ತಿ ಮಾಡಿ, ಪ್ರತಿ ಭಾಗಕ್ಕೂ ಹೆಸರು ಬರೆಸಿದೆ.