ಗುಜರಿಯಲ್ಲಿ ಅವಯವಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಪ್ರಿಂಟರ್ ಕೇಬಲ್‌ಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ನಡೆದ ಮಾತು. ಹುಡುಗನ ಕೈಯಲ್ಲಿ ಹಿಂಜ್ ಮುರಿದು ಬಾಡಿ ಸೀಳಿದ ಲ್ಯಾಪ್‌ಟಾಪ್. ಅಂಗಡಿಯಾತ ತಿರುಗಿಸಿ ನೋಡಿ, "ಬೋರ್ಡ್ ಚೆನ್ನಾಗೈತೆ. ಬಿಚ್ಚಿ ಒಂದು ಡಬ್ಬಕ್ಕೆ ಹಾಕ್ಕೊ, ಮಾನಿಟರ್ ಚುಚ್ಚು, ಡೆಸ್ಕ್‌ಟಾಪ್ ಆಯ್ತು" ಅಂದ.

"ವಿಂಡೋಸ್ ಹೋಗಲ್ಲ ತಾನೇ ಅಣ್ಣಾ?"

"ಬೋರ್ಡ್ ಅದೇ ಅಲ್ವೇನಪ್ಪ. ಬಾಡಿ ಹೋಗಿದ್ದು ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

ಕೇಬಲ್ ಸಿಕ್ಕಿತು, ಈ ಪ್ರಶ್ನೆ ಬಿಡಲಿಲ್ಲ.

ಇಂಥ ಪ್ರಸಂಗ ಹೇಳಿದೊಡನೆ ಯಾರಾದರೊಬ್ಬರು, ಒಂದೊಂದೇ ಹಲಗೆ ಬದಲಾಗುತ್ತ ಹೋದ ಥೀಸಿಯಸನ ಹಡಗನ್ನು ಎಳೆದು ತರುತ್ತಾರೆ. ನನಗೆ ಆ ಹಡಗನ್ನು ಕಂಡರಾಗದು. ಅದರ ಕಥೆ ಬರೆದಿಟ್ಟ ಪ್ಲುಟಾರ್ಕನ ಮೇಲೆ ಸಿಟ್ಟಿಲ್ಲ. ಮಿಲಿಂದ ರಾಜನ ರಥ ಇಲ್ಲೇ ಇರುವಾಗ ಗ್ರೀಸಿನ ಬಂದರಿಗೇ ಓಡುವ ಚಟದ ಮೇಲೆ ಸಿಟ್ಟು. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಬೌದ್ಧ ಭಿಕ್ಷು ನಾಗಸೇನ ಕೇಳುತ್ತ ಹೋಗಿ, ರಥವೆಂಬುದು ಭಾಗಗಳನ್ನು ನೆಚ್ಚಿಕೊಂಡು ಆಡುವ ಹೆಸರಷ್ಟೆ ಎಂದು ರಾಜನ ಬಾಯಲ್ಲೇ ಹೇಳಿಸಿದ. ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಒಪ್ಪಲಿಲ್ಲ. ಅವರ ಪ್ರಕಾರ ನೂಲುಗಳಲ್ಲಿ ಬಟ್ಟೆಯೆಂಬ ಬೇರೆಯೇ ದ್ರವ್ಯ ಸಮವಾಯದಿಂದ, ಅಂದರೆ ಬಿಡಿಸಲಾಗದ ನಂಟಿನಿಂದ, ನೆಲೆಸಿದೆ. ಒಂದೇ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶ. ಉಳಿದ ನೂಲುಗಳಲ್ಲಿ ಹುಟ್ಟುವುದು ಹೊಸತೊಂದು, ಖಂಡಪಟ. ಬೌದ್ಧರು ಬಿಟ್ಟಾರೆಯೇ? ಅವಯವಿ, ಅಂದರೆ ಬಿಡಿಭಾಗಗಳಲ್ಲಿ ನೆಲೆಸಿದ ಇಡಿ, ಒಂದೇ ಆಗಿದ್ದರೆ ಕೈ ಅಲುಗಿದಾಗ ಇಡೀ ದೇಹ ಅಲುಗಬೇಕಲ್ಲ, ಬಟ್ಟೆಯ ಒಂದು ಮೂಲೆಗೆ ಬಣ್ಣ ಹಾಕಿದರೆ ಬಟ್ಟೆಗೆ ಯಾವ ಬಣ್ಣ, ಎಂದು ಧರ್ಮಕೀರ್ತಿಯ ಕಡೆಯವರು ಹಿಡಿದರು. ಅದಕ್ಕೆ ನೈಯಾಯಿಕರ ಉತ್ತರ ಚಿತ್ರರೂಪ: ಹಲವು ಬಣ್ಣದ ಬಟ್ಟೆಗೆ ಚಿತ್ರವೆಂಬ ಒಂದೇ ಬಣ್ಣ! ಪಂಡಿತ ಅಶೋಕನೆಂಬ ಬೌದ್ಧ ಅವಯವಿಯನ್ನು ಅಲ್ಲಗಳೆಯಲೆಂದೇ 'ಅವಯವಿನಿರಾಕರಣ' ಬರೆದ.

ಈಗ ಮೂರನೆಯ ದರ್ಶನವೊಂದಿದೆ, ಮೈಕ್ರೋಸಾಫ್ಟಿನದು. ಯಂತ್ರದ ಜೊತೆಗೇ ಬರುವ ವಿಂಡೋಸ್ ಪರವಾನಗಿಯ ಮಟ್ಟಿಗೆ ರ‍್ಯಾಮ್, ಡಿಸ್ಕ್, ಪರದೆ ಏನನ್ನು ಬದಲಿಸಿದರೂ ಯಂತ್ರ ಅದೇ. ಕೆಟ್ಟಿಲ್ಲದ ಮದರ್‌ಬೋರ್ಡ್ ತೆಗೆದು ಮೇಲಿನ ದರ್ಜೆಯದನ್ನು ಕೂರಿಸಿದಿರೋ, ಅದು ಬೇರೆ ಕಂಪ್ಯೂಟರ್. ವಿಂಡೋಸ್ 8ರಿಂದೀಚೆಗೆ ಕಂಪನಿಗಳು ಪರವಾನಗಿಯ ಕೀಯನ್ನು ಬೋರ್ಡಿನ ಫರ್ಮ್‌ವೇರ್‌ನಲ್ಲೇ ಬರೆದಿಡುತ್ತವೆ. ಅಂಗಡಿಯಾತ ಹೇಳಿದ್ದು ಶಾಸ್ತ್ರಸಮ್ಮತ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಹುಡುಗ ಆ ಡಬ್ಬವನ್ನು ನಿಜಕ್ಕೂ ಕಟ್ಟಲು ಕೂತರೆ ಅವನಿಗೆ ಎದುರಾಗುವುದು ಸಮವಾಯದ ತೊಡಕಲ್ಲ, ಸಂಯೋಗದ್ದು. ಇಡಿ ಯಾವುದು ಎಂಬುದರ ಮಾತು ಹಾಗಿರಲಿ, ಬಿಡಿಗೂ ಬಿಡಿಗೂ ನಡುವೆ ಇರುವ ಕೂಡಿಕೆ ಎಂಥದು? ನೈಯಾಯಿಕರ ಜೊತೆಗಾರರಾದ ವೈಶೇಷಿಕರು ಸಂಯೋಗದ ಪಕ್ಕದಲ್ಲೇ ವಿಭಾಗವನ್ನೂ, ಅಂದರೆ ಕೂಡಿದ್ದು ಬೇರೆಯಾಗುವುದನ್ನೂ, ಗುಣಗಳ ಪಟ್ಟಿಗೆ ಸೇರಿಸಿದ್ದರು. ನಾನು ಇಷ್ಟು ವರ್ಷ ಆ ಪಟ್ಟಿಯನ್ನು ಬಾಯಿಪಾಠದ ವಸ್ತುವೆಂದುಕೊಂಡು ದಾಟಿ ಹೋಗಿದ್ದೆ.

ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಸಾಟಾ ಡಿಸ್ಕ್ ದೊಡ್ಡ ಡೆಸ್ಕ್‌ಟಾಪಿನ ಕೇಬಲ್ಲಿಗೂ ಹಾಗೇ ಕೂರುತ್ತದೆ. ಪರದೆ ಹಾಗಲ್ಲ. ಅದನ್ನು ಬಿಡಿ ಮಾನಿಟರ್ ಮಾಡಬೇಕೆಂದರೆ ನೇರವಾಗಿ ಎಚ್‌ಡಿಎಂಐ ಹಿಡಿಸದು; ಪ್ಯಾನೆಲ್ಲಿನ ಬೆನ್ನಿಗಂಟಿದ ಸ್ಟಿಕ್ಕರಿನ ಮಾಡೆಲ್ ನಂಬರ್ ನೋಡಿ, ಅದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡ್ ತರಬೇಕು. ಕೀಬೋರ್ಡಿನದು ಇನ್ನೂ ಬಡಪಾಯಿ ಸ್ಥಿತಿ: ಒತ್ತಿದ ಕೀ ಯಾವುದೆಂದು ಗುರುತಿಸುವ ಕೆಲಸ ಮದರ್‌ಬೋರ್ಡಿನಲ್ಲಿ ನಡೆಯುವುದರಿಂದ ರಿಬ್ಬನ್ ಬಿಚ್ಚಿದ ಕ್ಷಣಕ್ಕೆ ಅದು ಬರೀ ಗುಂಡಿಗಳ ಹಲಗೆ. ಪವರ್ ಬಟನ್ ಎಷ್ಟೋ ಮಾಡೆಲ್‌ಗಳಲ್ಲಿ ಬೇರೆಯೇ ಪುಟ್ಟ ಬೋರ್ಡಿನ ಮೇಲಿರುತ್ತದೆ, ಬಾಡಿಯ ಜೊತೆ ಅದನ್ನೂ ಗುಜರಿಗೆ ಹಾಕಿದರೆ ಆಮೇಲೆ ಯಂತ್ರ ಎಬ್ಬಿಸುವುದೇ ಕಷ್ಟ. ಉಬ್ಬಿದ ಬ್ಯಾಟರಿ ಬೇಡವೇ ಬೇಡ. ಸಾಮಾನ್ಯವಾಗಿ ಅಡಾಪ್ಟರ್ ಒಂದರಲ್ಲೇ ಬೋರ್ಡ್ ಓಡುತ್ತದೆ, ಕೆಲವು ಮಾತ್ರ ವೇಗ ತಗ್ಗಿಸಿಕೊಳ್ಳುತ್ತವೆ.

ಇಷ್ಟಾದರೂ ಆ ಹುಡುಗನದು ಬಿಚ್ಚಲು ಬರುವ ಕಾಲದ ಯಂತ್ರ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದರು. 2020ರ ಎಂ1 ಬಂದಾಗ ಅದು ಪ್ರೊಸೆಸರಿನ ಜೊತೆ ಒಂದೇ ಪ್ಯಾಕೇಜಿನೊಳಗೆ ಹೋಗಿ ಕೂತಿತು. ವೇಗ ಹೆಚ್ಚಿತು, ನಿಜ. ಆದರೆ ನೂಲನ್ನು ಕೀಳಲಾಗದ ಬಟ್ಟೆಯಲ್ಲಿ ಖಂಡಪಟದ ಪ್ರಶ್ನೆಯೇ ಏಳುವುದಿಲ್ಲ. ಒಂದು ಚಿಪ್ ಹೋದರೆ ಮನೆಯಲ್ಲಿ ರಿಪೇರಿ ಮಾಡುವವನ ಪಾಲಿಗೆ ಎಲ್ಲವೂ ಹೋಯಿತು. ಕೂಡಿಕೆಯ ಅಳತೆಯನ್ನು ಊರಿಗೆಲ್ಲ ತಿಳಿಸುವ ಪದ್ಧತಿ ಡೆಸ್ಕ್‌ಟಾಪಿನಲ್ಲಿ ಉಳಿದುಕೊಂಡಿದೆ: 1995ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ ಅಳತೆಯಿಂದಾಗಿ ಒಬ್ಬನ ಬೋರ್ಡ್ ಇನ್ನೊಬ್ಬನ ಕ್ಯಾಬಿನೆಟ್ಟಿಗೆ ಕೂರುತ್ತದೆ. ಲ್ಯಾಪ್‌ಟಾಪಿನವರಲ್ಲಿ ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿ 2022ರಲ್ಲಿ ತನ್ನ ಮದರ್‌ಬೋರ್ಡಿನ ನಕ್ಷೆಗಳನ್ನು ಬಹಿರಂಗಪಡಿಸಿ, ಬೋರ್ಡನ್ನು ಬಿಡಿಯಾಗಿಯೂ ಮಾರತೊಡಗಿತು. ಮರುವರ್ಷ ಕೂಲರ್ ಮಾಸ್ಟರ್ ಅದಕ್ಕೊಂದು ಪುಟ್ಟ ಕೇಸ್ ಮಾಡಿತು. ಸ್ಕ್ರೂ ತೂತಿನ ಅಳತೆ ಸಿಕ್ಕಿದವನಿಗೆ ಆ ಕೇಸೇ ಬೇಕೆಂದಿಲ್ಲ, ಬಿಸ್ಕತ್ತಿನ ಡಬ್ಬವೂ ಆದೀತು. ಗಾಳಿಗೆ ತೂತು ಕೊರೆದು, ತಗಡು ಬೋರ್ಡಿಗೆ ತಾಗದಂತೆ ನೋಡಿಕೊಳ್ಳಬೇಕು, ಅಷ್ಟೆ.