ವಠಾರ ಬೇಡವೆನ್ನುವ ಮುನ್ನ

ಅಕ್ಕಂದಿರೇ, 2007ರ ನಗರ ಯೋಜನೆ ವಸತಿ ಬೀದಿಗಳಲ್ಲಿ ಅಂಗಡಿ, ಕಚೇರಿಗಳಿಗೆ ಎಡೆಕೊಟ್ಟಾಗ ಬೆಂಗಳೂರಿನ ಬಡಾವಣೆಗಳ ಜನ ವಿರೋಧಿಸಿದರು. ನೀರು, ಚರಂಡಿ ಸಾಲದೆಂಬ ಮಾತು ಸುಳ್ಳಲ್ಲ. ಆದರೆ ಅದೇ ನೆಪದಲ್ಲಿ ನಾಲ್ಕಾರು ಸಂಸಾರಗಳ ವಠಾರವೂ ಬೇಡವೆಂದರೆ ನಾನು ಒಪ್ಪಲಾರೆ.

ನಮ್ಮ ಗೌಡಗೆರೆ ಕಡೆಯಿಂದ ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳಿಗೆ ಎಟುಕುವುದು ಅಂಥ ಮನೆಗಳೇ. ಗಂಡ ಹೊಡೆದರೆ ಅಲ್ಲಿ ಗೋಡೆಯಾಚೆಗೆ ಕೇಳಿಸುತ್ತದೆ. ಕಾಂಪೌಂಡಿನೊಳಗಿನ ಒಂಟಿ ಮನೆಯ ಕೂಗು ಯಾರಿಗೆ ಕೇಳೀತು?

2005ರ ಕೌಟುಂಬಿಕ ಹಿಂಸೆ ಕಾಯ್ದೆಯ 17ನೇ ಕಲಮು ಕೂಡಿ ಬಾಳಿದ ಮನೆಯಲ್ಲಿರುವ ಹಕ್ಕು ಕೊಟ್ಟಿದೆ. 19ನೇ ಕಲಮಿನಂತೆ ನ್ಯಾಯಾಲಯ ಬೇರೆ ಮನೆಗೆ ಬಾಡಿಗೆಯನ್ನೂ ಕೊಡಿಸಬಹುದು. ಆದರೆ ಬಾಡಿಗೆಗೆ ಮನೆಯೇ ಸಿಗದಿದ್ದರೆ? ಏಟಿನ ಮನೆಗೇ ಮರಳಬೇಕು.

ನಮ್ಮೂರಲ್ಲೂ ಒಂಟಿ ಹೆಣ್ಣಿಗೆ ಮನೆ ಕೊಡಲು ಹಿಂಜರಿಯುವವರುಂಟು. ಮುಂದಿನ ಸಂಘದ ಸಭೆಯಲ್ಲಿ ಮೊದಲು ಇದನ್ನೇ ಮಾತಾಡೋಣ.