ರಾಜನನ್ನು ಇಳಿಸುವ ವಿದ್ಯೆ

ಲೀಡರ್‌ಶಿಪ್ ತರಬೇತಿಯ ಪವರ್‌ಪಾಯಿಂಟ್‌ಗಳಲ್ಲಿ ಆಫ್ರಿಕಾಕ್ಕೆ ಅಂತ ಒಂದು ಸ್ಲೈಡ್ ಮೀಸಲಿರುತ್ತೆ. ನೀವೂ ನೋಡಿರ್ತೀರಿ. ಒಂದು ಕಡೆ ನಗುತ್ತಿರುವ ಮಂಡೇಲಾ, ಇನ್ನೊಂದು ಕಡೆ 'ಉಬುಂಟು' ಅನ್ನೋ ಪದ, ಕೆಳಗೆ 'ನಾವಿರುವುದರಿಂದ ನಾನಿದ್ದೇನೆ' ಅನ್ನೋ ಅರ್ಥ. ಆಮೇಲೆ ಆ ಕಥೆ: ಮಾನವಶಾಸ್ತ್ರಜ್ಞನೊಬ್ಬ ಮರದ ಕೆಳಗೆ ಹಣ್ಣಿನ ಬುಟ್ಟಿ ಇಟ್ಟು ಮಕ್ಕಳಿಗೆ ಓಟದ ಪಂದ್ಯ ಕಟ್ಟಿದನಂತೆ, ಅವು ಕೈಕೈ ಹಿಡಿದು ಒಟ್ಟಿಗೇ ಓಡಿ ಹಣ್ಣು ಹಂಚಿಕೊಂಡವಂತೆ. ಯಾವ ಊರು, ಯಾವ ವರ್ಷ, ಆ ಪುಣ್ಯಾತ್ಮನ ಹೆಸರೇನು ಅಂತ ಯಾರೂ ಹೇಳಲ್ಲ, ಯಾರೂ ಕೇಳೋದೂ ಇಲ್ಲ. ಚಪ್ಪಾಳೆ ಬೀಳುತ್ತೆ, ಟೀ ಬ್ರೇಕ್ ಆಗುತ್ತೆ. ಅಪ್ರೈಸಲ್ ಮಾತ್ರ ಹೋದ ವರ್ಷದ ಹಾಗೇ ನಡೆಯುತ್ತೆ.

ಪ್ರಾಜೆಕ್ಟ್ ಮೇಲೆ ನೈರೋಬಿಗೋ ಲಾಗೋಸಿಗೋ ಹೋಗಿ ಬಂದ ಕೆಲವರ ಬಾಯಲ್ಲಿ ಇನ್ನೊಂದು ಮಾತು ಕೇಳಿಸುತ್ತೆ. "ಅಲ್ಲಿ ಡೆಮಾಕ್ರಸಿ ಎಲ್ಲಾ ಒಗ್ಗಲ್ಲ ಗುರೂ. ಗಟ್ಟಿ ಕೈಯ ಒಬ್ಬ ಲೀಡರ್ ಬೇಕು. ಅವರ ಪದ್ಧತಿನೇ ಹಾಗೆ."

ಮೊದಲನೆಯದು ಸಿಹಿ, ಎರಡನೆಯದು ಕಹಿ. ಆದರೆ ಎರಡೂ ಒಂದೇ ಬಳ್ಳಿಯ ಕಾಯಿಗಳು. ಆಫ್ರಿಕಾದಲ್ಲಿ ಒಳ್ಳೆಯ ನಾಯಕರಿದ್ದರು, ಕೆಟ್ಟ ನಾಯಕರಿದ್ದರು, ಆದರೆ ವ್ಯವಸ್ಥೆ ಅನ್ನೋದು ಇರಲಿಲ್ಲ. ಸಭೆ, ಅವಧಿ, ಪದಚ್ಯುತಿ ಇವೆಲ್ಲ ಬಿಳಿಯರು ಹಡಗಿನಲ್ಲಿ ತಂದಿಳಿಸಿದ ಸಾಮಾನು ಅನ್ನೋ ನಂಬಿಕೆ ಎರಡರ ಬೇರಲ್ಲೂ ಇದೆ. ನನ್ನ ತಕರಾರು ಈ ನಂಬಿಕೆಯ ಮೇಲೆ. ಆಫ್ರಿಕಾದ ರಾಜಕೀಯ ಪರಂಪರೆಯಲ್ಲಿ ನಾವು ಮೊದಲು ಓದಬೇಕಾದ ಅಧ್ಯಾಯಕ್ಕೆ ಹೆಸರಿಡೋದಾದರೆ, 'ನಾಯಕ ಕೆಟ್ಟರೆ ಇಳಿಸುವುದು ಹೇಗೆ' ಅಂತ ಇಡಬೇಕು.

ಈಗಿನ ನೈಋತ್ಯ ನೈಜೀರಿಯಾದಲ್ಲಿದ್ದ ಯೊರುಬಾ ಜನರ ಓಯೋ ಸಾಮ್ರಾಜ್ಯವನ್ನೇ ತಗೊಳ್ಳಿ. ರಾಜನಿಗೆ ಅಲಾಫಿನ್ ಅಂತ ಬಿರುದು, ದೇವರ ಸಮಾನ ಅಂತ ಗೌರವ. ಆದರೆ ಅವನೆದುರು 'ಓಯೋ ಮೆಸಿ' ಎಂಬ ಏಳು ಜನರ ಮಂಡಳಿ ಇತ್ತು. ರಾಜನನ್ನು ಆರಿಸುತ್ತಿದ್ದವರು ಅವರೇ. ರಾಜ ಮಿತಿಮೀರಿದ ಅಂತ ಅನಿಸಿದರೆ ಅವನಿಗೆ ಒಂದು ಖಾಲಿ ಸೋರೆಬುರುಡೆ ಅಥವಾ ಗಿಳಿಯ ಮೊಟ್ಟೆ ತಲುಪುತ್ತಿತ್ತು. ಅದರರ್ಥ, ನಿನ್ನ ಆಟ ಮುಗಿಯಿತು. ರಾಜ ತನ್ನ ಪ್ರಾಣ ತಾನೇ ತೆಗೆದುಕೊಳ್ಳಬೇಕಿತ್ತು. ಕ್ರೂರವೇ, ಅನುಮಾನವಿಲ್ಲ. ಆದರೆ ದೇವರ ಸಮಾನನಾದವನಿಗೂ ನೋಟಿಸ್ ಕೊಡೋ ಅಧಿಕಾರ ಯಾರ ಕೈಯಲ್ಲಿದೆ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಘಾನಾದ ಅಸಾಂಟೆಗೆ ಬನ್ನಿ. (ಇಂಗ್ಲಿಷರ ಹಳೇ ಕಾಗುಣಿತವನ್ನು ಕನ್ನಡಕ್ಕಿಳಿಸಿದರೆ 'ಅಶಾಂತಿ' ಆಗಿಬಿಡುತ್ತೆ. ಪಾಪ, ಆ ರಾಜ್ಯದ ತಪ್ಪಲ್ಲ.) ಅವರ ಚಿನ್ನದ ಪೀಠದ ಮೇಲೆ ಸ್ವತಃ ರಾಜನೂ ಕೂರುವಂತಿಲ್ಲ, ಅದರಲ್ಲಿ ಇಡೀ ಜನಾಂಗದ ಆತ್ಮ ಇದೆ ಅಂತ ನಂಬಿಕೆ. ಪೀಠ ಶಾಶ್ವತ, ರಾಜ ಅಲ್ಲ. 1874ರಲ್ಲಿ ಬ್ರಿಟಿಷರ ಎದುರು ಯುದ್ಧ ಸೋತ ಮೇಲೆ ಕೋಫಿ ಕರಿಕರಿ ಎಂಬ ರಾಜನನ್ನು ಪದವಿಯಿಂದ ಇಳಿಸಿದರು. ಪೂರ್ವಿಕರ ಸಮಾಧಿಮನೆಯ ಚಿನ್ನಕ್ಕೆ ಕೈ ಹಾಕಿದ ಅನ್ನೋದು ಅವನ ಮೇಲಿದ್ದ ಒಂದು ಆರೋಪ. ಅವನ ಜಾಗಕ್ಕೆ ಬಂದ ತಮ್ಮ ಮೆನ್ಸಾ ಬೋನ್ಸುವನ್ನೂ 1883ರಲ್ಲಿ ಇಳಿಸಿದರು. ಹತ್ತು ವರ್ಷದೊಳಗೆ ಇಬ್ಬರು ರಾಜರು! 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಆ ಪೀಠವನ್ನೇ ತನಗೆ ಕೊಡಿ ಅಂದಾಗ ಯಾ ಅಸಾಂಟೆವಾ ಎಂಬ ರಾಜಮಾತೆ ಯುದ್ಧಕ್ಕೆ ನಿಂತಳು. ರಾಜನನ್ನು ಇಳಿಸಬಲ್ಲ ಜನ ಪೀಠವನ್ನು ಬಿಟ್ಟುಕೊಡಲಿಲ್ಲ.

ಅವಧಿ ಅನ್ನೋ ಕಲ್ಪನೆ ಬೇಕಾ? ಇಥಿಯೋಪಿಯಾದ ಒರೊಮೊ ಜನರ 'ಗಡಾ' ಪದ್ಧತಿ ನೋಡಿ. ಅಲ್ಲಿ ಅಧಿಕಾರ ಎಂಟು ವರ್ಷಕ್ಕೆ. ಎಂಟು ತುಂಬಿತು ಅಂದರೆ ಮುಂದಿನ ತಂಡಕ್ಕೆ ಜಾಗ ಬಿಡಬೇಕು. ಇದಕ್ಕೆ ಸಾಕ್ಷಿ ಹೇಳಿದವನು ಅವರ ಅಭಿಮಾನಿಯೇನಲ್ಲ. ಒರೊಮೊ ಸೈನ್ಯದ ಎದುರು ತನ್ನ ಜನ ಸೋಲುತ್ತಿದ್ದುದನ್ನು ಕಂಡು, ಹೀಗೇಕಾಗ್ತಿದೆ ಅಂತ ತಲೆ ಕೆಡಿಸಿಕೊಂಡ ಬಹ್ರೇ ಎಂಬ ಇಥಿಯೋಪಿಯಾದ ಕ್ರೈಸ್ತ ಸನ್ಯಾಸಿ. 1593ರಲ್ಲಿ ಅವನು ಬರೆದಿಟ್ಟ ಪುಸ್ತಕದಲ್ಲಿ ಎಂಟು ವರ್ಷದ ಈ ಲೆಕ್ಕ ಇದೆ. ಅಮೆರಿಕ ತನ್ನ ಅಧ್ಯಕ್ಷರಿಗೆ ಎರಡೇ ಅವಧಿ ಅಂತ ಸಂವಿಧಾನದಲ್ಲಿ ಬರೆದುಕೊಂಡದ್ದು 1951ರಲ್ಲಿ. ಯಾರು ಯಾರಿಗೆ ಪಾಠ ಹೇಳಬೇಕು ಅಂತ ನೀವೇ ಯೋಚಿಸಿ.

ಇವೆಲ್ಲ ನಾನು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಯೊರುಬಾ ಪಾದ್ರಿ 1897ರಲ್ಲೇ ತನ್ನ ಜನರ ಇತಿಹಾಸ ಬರೆದು ಮುಗಿಸಿದ್ದ. ಅದು ಅಚ್ಚಾದದ್ದು 1921ರಲ್ಲಿ. ಫೋರ್ಟ್ಸ್ ಮತ್ತು ಇವಾನ್ಸ್-ಪ್ರಿಚರ್ಡ್ ಸಂಪಾದಿಸಿದ ಆಫ್ರಿಕನ್ ರಾಜಕೀಯ ವ್ಯವಸ್ಥೆಗಳ ಪುಸ್ತಕ ಬಂದದ್ದು 1940ರಲ್ಲಿ. ಇಷ್ಟೆಲ್ಲ ಇದ್ದರೂ 1963ರಲ್ಲಿ ಆಕ್ಸ್‌ಫರ್ಡ್‌ನ ಪ್ರೊಫೆಸರ್ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಇರೋದು ಯುರೋಪಿಯನ್ನರ ಇತಿಹಾಸ ಮಾತ್ರ, ಉಳಿದದ್ದು ಕತ್ತಲೆ ಅಂತ ಹೇಳಿ ಅರಗಿಸಿಕೊಂಡರು. ಅದರ ಮುಂದಿನ ವರ್ಷವೇ ಯುನೆಸ್ಕೋ ಆಫ್ರಿಕಾದ ಇತಿಹಾಸದ ದೊಡ್ಡ ಯೋಜನೆಗೆ ಕೈ ಹಾಕಿತು. ಎಂಟು ಸಂಪುಟಗಳು ಬಂದವು. 1973ರಲ್ಲಿ ಎರಿಟ್ರಿಯಾದ ಅಸ್ಮರೋಮ್ ಲೆಗೆಸ್ಸೆ ಗಡಾ ಬಗ್ಗೆ ಬರೆದರು. 1975ರಲ್ಲಿ ಐವರ್ ವಿಲ್ಕ್ಸ್, ಅಸಾಂಟೆಯಲ್ಲಿ ಪಕ್ಕಾ ಅಧಿಕಾರಶಾಹಿ ಇತ್ತು ಅಂದರು. 1995ರಲ್ಲಿ ಮೆಕ್ಯಾಸ್ಕಿ, ಸ್ವಾಮಿ ಅದು ಬರೀ ಫೈಲು-ಆಫೀಸಿನ ಮಾತಲ್ಲ, ಜನರ ನಂಬಿಕೆಯನ್ನೇ ಹಿಡಿತದಲ್ಲಿಟ್ಟ ರಾಜ್ಯ ಅಂತ ತಿರುಗಿ ಬಿದ್ದರು. ಜಗಳ ಇದೆ ಅಂದರೆ ಅಲ್ಲಿ ಜೀವ ಇದೆ ಅಂತ ಅರ್ಥ. ಇಂಥ ಕಪಾಟಿನ ಮುಂದೆ ನಿಂತು ನಾವು ಎತ್ತಿಕೊಂಡದ್ದು ಮಾತ್ರ ಹಣ್ಣಿನ ಬುಟ್ಟಿ.

ಉಬುಂಟುಗೂ ಇದೇ ಅನ್ಯಾಯ ಆಗಿದೆ. ಅದು ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನದಲ್ಲಿರೋ ಪದ. 1995ರಲ್ಲಿ ಅಲ್ಲಿನ ಸಂವಿಧಾನ ಪೀಠ ಮರಣದಂಡನೆಯನ್ನು ರದ್ದು ಮಾಡಿದಾಗ ನ್ಯಾಯಮೂರ್ತಿಗಳು ಈ ಪದವನ್ನು ಆಧಾರವಾಗಿ ಬಳಸಿದರು. ಅಂದರೆ ಸರ್ಕಾರ ಪ್ರಜೆಯ ಪ್ರಾಣ ತೆಗೆಯಬಾರದು ಅಂತ ಸರ್ಕಾರದ ಕೈ ಕಟ್ಟಿದ ಪದ ಅದು. ನಮ್ಮ ಟ್ರೈನಿಂಗ್ ರೂಮಿಗೆ ಬರೋ ಹೊತ್ತಿಗೆ 'ವೀಕೆಂಡ್‌ನಲ್ಲೂ ಟೀಮಿಗೋಸ್ಕರ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂತ ಆಗಿಬಿಟ್ಟಿದೆ.

ಹೋಗಲಿ ಬಿಡಿ, ಒಂದು ಸ್ಲೈಡ್ ತಾನೇ ಅಂತೀರಾ? ಬಿಡೋಕಾಗಲ್ಲ. ಪರಂಪರೆಯಿಂದ ನಿಯಮವನ್ನು ಕಿತ್ತುಹಾಕಿ ಬರೀ ಭಾವನೆ ಉಳಿಸಿಕೊಂಡರೆ ಅದರ ಲಾಭ ಕುರ್ಚಿಯಲ್ಲಿ ಕೂತವನಿಗೆ. ಕಾಂಗೋದ ಮೊಬುಟು 1971ರಲ್ಲಿ ದೇಶಕ್ಕೆ ಜೈರ್ ಅಂತ ಹೆಸರಿಟ್ಟು, 'ಅಸಲಿ ಆಫ್ರಿಕಾ'ಕ್ಕೆ ಮರಳೋಣ ಅಂದ. ಊರಿಗೆ ಇಬ್ಬರು ಮುಖ್ಯಸ್ಥರಿರೋದು ನಮ್ಮ ಪದ್ಧತಿಯಲ್ಲೇ ಇಲ್ಲ ಅನ್ನೋದು ಅವನ ವಾದ. ಪದ್ಧತಿಯ ಹೆಸರು ಹೇಳಿಕೊಂಡೇ 1997ರ ತನಕ ದೇಶವನ್ನು ದೋಚಿದ. ಮುಖ್ಯಸ್ಥನ ಸುತ್ತ ಇರುತ್ತಿದ್ದ ಮಂಡಳಿ, ಅವನನ್ನು ಇಳಿಸುವ ದಾರಿ ಇವು ಮಾತ್ರ ಅವನ ನೆನಪಿಗೆ ಬರಲಿಲ್ಲ. ತಾಂಜಾನಿಯಾದ ನ್ಯೆರೆರೆ ಅಂಥವರಲ್ಲ, 1985ರಲ್ಲಿ ತಾವಾಗಿ ಅಧ್ಯಕ್ಷ ಪದವಿ ಬಿಟ್ಟವರು. ಅವರೂ ಕೂಡ ಹಿರಿಯರು ಮರದಡಿ ಕೂತು ಒಮ್ಮತಕ್ಕೆ ಬರೋ ತನಕ ಮಾತಾಡುತ್ತಿದ್ದರು ಅನ್ನೋ ಚಿತ್ರ ತೋರಿಸಿಯೇ ಏಕಪಕ್ಷ ಪದ್ಧತಿಯನ್ನು ಸಮರ್ಥಿಸಿದರು. ಆ ಮರದಡಿ ಯಾರಿಗೆ ಜಾಗ ಇರಲಿಲ್ಲ ಅನ್ನೋದು ಚಿತ್ರದಲ್ಲಿ ಕಾಣಲ್ಲ. ನಮ್ಮ ಹಳ್ಳಿಗಳ ಬಗ್ಗೆ ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲಿ ಎತ್ತಿದ ತಕರಾರು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತೆ.

ಇನ್ನು ಆ 'ಗಟ್ಟಿ ಕೈಯ ಪದ್ಧತಿ'. ಅದರ ಬಹುಪಾಲು ವಸಾಹತುಶಾಹಿ ತಯಾರಿಸಿದ್ದು ಅಂತ 1996ರಲ್ಲೇ ಬರೆದವರು ಉಗಾಂಡದ ಮಹಮೂದ್ ಮಮ್ದಾನಿ. ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದ ಜೊಹ್ರಾನ್ ಅವರ ತಂದೆ. ಬ್ರಿಟಿಷರು ಆಳೋಕೆ ಅನುಕೂಲವಾಗಲಿ ಅಂತ ತೆರಿಗೆ, ನ್ಯಾಯ, ಆಡಳಿತ ಎಲ್ಲವನ್ನೂ ಒಬ್ಬ ಮುಖ್ಯಸ್ಥನ ಮುಷ್ಟಿಗೆ ಕೊಟ್ಟರು, ಅವನನ್ನು ಹಿಡಿದು ನಿಲ್ಲಿಸುತ್ತಿದ್ದ ಸಂಸ್ಥೆಗಳ ಹಲ್ಲು ಕಿತ್ತರು ಅನ್ನೋದು ಅವರ ವಾದ. ನೈಜೀರಿಯಾದ ಇಗ್ಬೊ ಊರುಗಳಲ್ಲಂತೂ ಬಹುತೇಕ ಕಡೆ ರಾಜರೇ ಇರಲಿಲ್ಲ. ಬ್ರಿಟಿಷರು ಒಂದು ಕಾಗದ ಬರೆದುಕೊಟ್ಟು 'ವಾರಂಟ್ ಚೀಫ್'ಗಳನ್ನು ಸೃಷ್ಟಿಸಿದರು. 1929ರಲ್ಲಿ ಹೆಂಗಸರ ಮೇಲೂ ತೆರಿಗೆ ಬರುತ್ತೆ ಅನ್ನೋ ಸುದ್ದಿ ಹಬ್ಬಿದಾಗ ಸಾವಿರಾರು ಹೆಂಗಸರು ಎದ್ದು ನಿಂತರು. ಅವರ ಕೈಯಲ್ಲಿದ್ದದ್ದು ಹಳೆಯ ಅಸ್ತ್ರವೇ: ತಪ್ಪು ಮಾಡಿದ ಗಂಡಸಿನ ಮನೆ ಮುಂದೆ ಗುಂಪಾಗಿ ಕೂತು, ಅವನ ಮರ್ಯಾದೆ ಹರಾಜಾಗೋ ಹಾಗೆ ಹಾಡು ಕಟ್ಟಿ ಹಾಡೋದು, ಬಗ್ಗದಿದ್ದರೆ ಗುಡಿಸಲಿಗೇ ಕೈ ಹಾಕೋದು. ಸರ್ಕಾರ ಗುಂಡು ಹಾರಿಸಿತು. 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಬ್ರಿಟಿಷರು ಅದಕ್ಕೆ 'ದೊಂಬಿ' ಅಂತ ಹೆಸರಿಟ್ಟರು. ಅದೊಂದು ಪದಚ್ಯುತಿ ಪ್ರಕ್ರಿಯೆ ಅನ್ನೋದು ಅವರ ತಲೆಗೆ ಹೋಗಲಿಲ್ಲ.

ಈಗ ಎದುರು ವಾದ. ಓಯೋ, ಅಸಾಂಟೆ ಎರಡೂ ಗುಲಾಮರನ್ನು ಮಾರಿದ ರಾಜ್ಯಗಳು ಅಲ್ವಾ? ಹೌದು, ಮಾರಿದವು. ಗಡಾದಲ್ಲಿ ಹೆಂಗಸರಿಗೆ ಅಧಿಕಾರದ ಸ್ಥಾನ ಇರಲಿಲ್ಲ ಅಲ್ವಾ? ಇರಲಿಲ್ಲ. ಓಯೋದ ಆ ಏಳು ಜನರೂ ಸಾಚಾಗಳಲ್ಲ. ಹದಿನೆಂಟನೇ ಶತಮಾನದಲ್ಲಿ ಮಂಡಳಿಯ ಮುಖ್ಯಸ್ಥ ಗಹಾ ಎಂಬವನು ಸೋರೆಬುರುಡೆಯ ಅಧಿಕಾರವನ್ನೇ ಆಯುಧ ಮಾಡಿಕೊಂಡು ಒಬ್ಬರ ಹಿಂದೊಬ್ಬರು ರಾಜರನ್ನು ಸಾಯಿಸಿ ತಾನೇ ಆಳಿದ. ಕೊನೆಗೆ 1774ರಲ್ಲಿ ಅಬಿಯೊದುನ್ ಎಂಬ ರಾಜ ಅವನನ್ನು ಮುಗಿಸಬೇಕಾಯಿತು. ಕಾವಲಿಗೆ ಇಟ್ಟವನನ್ನು ಕಾಯುವವರು ಯಾರು ಅನ್ನೋ ಪ್ರಶ್ನೆ ಅಲ್ಲೂ ಬಂದಿತ್ತು, ರಕ್ತ ಹರಿಸಿಯೇ ಬಗೆಹರಿದಿತ್ತು.

ಇದನ್ನೆಲ್ಲ ಸೇರಿಸಿಯೇ ಓದಿ ಅಂತ ನಾನು ಹೇಳ್ತಿರೋದು. ಅಥೆನ್ಸಿನಲ್ಲಿ ಗುಲಾಮರಿಗೂ ಹೆಂಗಸರಿಗೂ ಮತ ಇರಲಿಲ್ಲ. ಆದರೂ ಅದನ್ನು ಪ್ರಜಾಪ್ರಭುತ್ವದ ತವರುಮನೆ ಅಂತ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೀವಿ. ಮೆಕಿಯಾವೆಲ್ಲಿಯನ್ನು ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ತಂದು ಕೂರಿಸಿದ್ದೀವಿ. ಯುರೋಪಿನ ಕೊಳಕನ್ನು 'ಆ ಕಾಲ ಹಾಗಿತ್ತು' ಅಂತ ದಾಟಿ ಅದರ ವಿಚಾರ ಇಟ್ಟುಕೊಳ್ಳೋರು, ಆಫ್ರಿಕಾದ ಕೊಳಕನ್ನು ತೋರಿಸಿ ಅದರ ವಿಚಾರವನ್ನೇ ಎಸೆಯೋದು ಯಾವ ನ್ಯಾಯ? ಎರಡು ತಕ್ಕಡಿ ಇಟ್ಟುಕೊಂಡ ಅಂಗಡಿಗೆ ನಾವೇನಂತೀವಿ?

1986ರಲ್ಲಿ ಉಗಾಂಡದ ಅಧಿಕಾರ ಹಿಡಿದ ಮುಸೆವೆನಿ, ಆಫ್ರಿಕಾದ ಸಮಸ್ಯೆ ಜನರಲ್ಲ, ಕುರ್ಚಿ ಬಿಡದ ನಾಯಕರು ಅಂದಿದ್ದರು. ಆಮೇಲೆ ಅವರೇ ಆ ಕುರ್ಚಿಗೆ ಅಂಟಿಕೊಂಡರು. ಅವಧಿಯ ಮಿತಿಯನ್ನೂ ವಯಸ್ಸಿನ ಮಿತಿಯನ್ನೂ ಸಂವಿಧಾನದಿಂದ ತೆಗೆಸಿದರು. ಬೋಟ್ಸ್ವಾನಾದಲ್ಲಿ 1966ರಿಂದ ಆಳುತ್ತಿದ್ದ ಪಕ್ಷ 2024ರಲ್ಲಿ ಸೋತಿತು. ಅಧ್ಯಕ್ಷ ಮಸಿಸಿ ಸೋಲು ಒಪ್ಪಿಕೊಂಡು ಡುಮಾ ಬೊಕೊಗೆ ಅಧಿಕಾರ ಬಿಟ್ಟುಕೊಟ್ಟರು. 'ಮುಖ್ಯಸ್ಥ ಮುಖ್ಯಸ್ಥನಾಗಿರೋದು ಜನರಿಂದ' ಅನ್ನೋ ಗಾದೆ ಇರುವ ನಾಡು ಅದು. ಗಾದೆಯೊಂದರಿಂದಲೇ ಇದಾಯಿತು ಅಂತ ನಾನು ಹೇಳಲ್ಲ. ಅಲ್ಲಿ ಆ ಗಾದೆಯ ಬೆನ್ನಿಗೆ 'ಕ್ಗೊಟ್ಲ' ಎಂಬ ಊರಸಭೆ ಇತ್ತು, ಈಗ ಮತಪೆಟ್ಟಿಗೆಯೂ ಇದೆ.

ಆಫ್ರಿಕಾದ ನಾಯಕತ್ವದ ಬಗ್ಗೆ ಯಾರಾದರೂ ನಿಮಗೆ ಪಾಠ ಹೇಳಿದರೆ ನಾಯಕನ ಗುಣಗಳ ಪಟ್ಟಿ ಬರ್ಕೋಬೇಡಿ. ಅಲ್ಲಿ ಸೋರೆಬುರುಡೆ ಯಾರ ಕೈಯಲ್ಲಿತ್ತು ಅಂತ ಕೇಳಿ. ಉತ್ತರ ಸಿಕ್ಕ ಮೇಲೆ ನಿಮ್ಮ ಪಕ್ಷ, ನಿಮ್ಮ ಕಂಪನಿ, ನಿಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲೂ ಅದೇ ಪ್ರಶ್ನೆ ಕೇಳಿ ನೋಡಿ. ಎಲ್ಲಿ ಕೇಳಿದ ಕೂಡಲೇ ಮುಖಗಳು ಗಂಟಿಕ್ಕುತ್ತವೋ ಅಲ್ಲಿ ಸೋರೆಬುರುಡೆ ಇನ್ನೂ ಬೆಳೆದಿಲ್ಲ ಅಂತ ತಿಳ್ಕೊಳ್ಳಿ.